ಕಿಡ್ನಿ ಹೇಳದೆ ರಕ್ತ ಹುಟ್ಟದು

ರಾಮನಗರ ಸೀಮೆಯಲ್ಲಿ ಯಾರಾದರೂ ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ಮುಖ ಬಿಳಿಚಿಕೊಂಡರೆ, ಮನೆಯವರ ತೀರ್ಪು ಒಂದೇ: ‘ರಕ್ತ ಕಮ್ಮಿಯಾಗಿದೆ.’ ತೀರ್ಪಿನ ಬೆನ್ನಿಗೇ ದಾಳಿಂಬೆ ಬರುತ್ತದೆ, ಬೀಟ್‌ರೂಟ್ ಬರುತ್ತದೆ, ಖರ್ಜೂರ ಬರುತ್ತದೆ, ಮೆಡಿಕಲ್ ಸ್ಟೋರಿನ ಕೆಂಪು ಟಾನಿಕ್ಕೂ ಬರುತ್ತದೆ. ಬಹಳ ಸಲ ಆ ತೀರ್ಪು ಸರಿಯಾಗಿಯೇ ಇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದರಲ್ಲಿ ಕಬ್ಬಿಣದ ಕೊರತೆಯದು ದೊಡ್ಡ ಪಾಲು. ಅಂಥವರಿಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ತಪ್ಪದೆ ನುಂಗುವುದು, ಮುದ್ದೆ-ಬಸ್ಸಾರಿನ ಮೇಲೆ ಕೂಡಲೇ ಟೀ ಕುಡಿಯದಿರುವುದು, ಊಟಕ್ಕೆ ಒಂದಿಷ್ಟು ನಿಂಬೆಹುಳಿ ಹಿಂಡಿಕೊಳ್ಳುವುದು, ಇಷ್ಟರಿಂದಲೇ ಬೇಕಾದಷ್ಟು ಗುಣ ಕಾಣುತ್ತದೆ.

ಅದೇ ಮನೆಯಲ್ಲಿ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿದ್ದರೆ ಲೆಕ್ಕ ಬೇರೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದ ಮೇಲೆ ಡಯಾಲಿಸಿಸ್ ಯಂತ್ರಗಳು ಹೆಚ್ಚೆಚ್ಚು ಸರ್ಕಾರಿ ಆಸ್ಪತ್ರೆಗಳಿಗೆ ಬಂದವು. ಬೆಂಗಳೂರಿಗೇ ಹೋಗಬೇಕೆಂಬ ಕಷ್ಟ ಎಷ್ಟೋ ಜನರಿಗೆ ತಪ್ಪಿತು. ಆದರೆ ಘಟಕದ ಹೊರಗೆ ಬೆಂಚಿನ ಮೇಲೆ ಕಾಯುತ್ತ ಕೂತವರಲ್ಲಿ ಒಂದು ಗೊಂದಲ ಹಾಗೆಯೇ ಉಳಿದಿದೆ. ‘ಎಲ್ಲಾ ತಿನ್ನಿಸಿದ್ದೀವಿ, ಟಾನಿಕ್ಕೂ ಕುಡಿಸಿದ್ದೀವಿ, ಎಚ್‌ಬಿ ಮಾತ್ರ ಏಳು ದಾಟ್ತಿಲ್ಲ. ಈಗ ಅದ್ಯಾವುದೋ ಸೂಜಿ ಬರ್ಕೊಟ್ಟವ್ರೆ.’ ಕಿಡ್ನಿ ಕೆಟ್ಟವರಿಗೆ ರಕ್ತ ಯಾಕೆ ಕಡಿಮೆಯಾಗಬೇಕು? ಮೂತ್ರ ಸೋಸುವ ಅಂಗಕ್ಕೂ ರಕ್ತಕ್ಕೂ ಎಲ್ಲಿಯ ನಂಟು? ಪ್ರಶ್ನೆ ನ್ಯಾಯವಾದದ್ದು. ವಿಜ್ಞಾನಕ್ಕೂ ಇದರ ಉತ್ತರ ಸಿಗಲು ನೂರು ವರ್ಷ ಹಿಡಿಯಿತು.

ಚನ್ನಪಟ್ಟಣದ ಗೊಂಬೆ ಮಾಡುವ ಮನೆಯಲ್ಲಿ ಆಲೆ ಮರದ ತುಂಡುಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರೂ, ಅರಗಿನ ಬಣ್ಣ ಸಿದ್ಧವಾಗಿದ್ದರೂ, ಆರ್ಡರ್ ಬಾರದೆ ಲೇತ್ ತಿರುಗುವುದಿಲ್ಲ. ರಕ್ತ ತಯಾರಾಗುವುದೂ ಆರ್ಡರ್ ಮೇಲೆಯೇ. ಕಬ್ಬಿಣ, ಬಿ12, ಫೋಲಿಕ್ ಆಮ್ಲ ಇವೆಲ್ಲ ಕಚ್ಚಾ ಸಾಮಗ್ರಿ. ತಯಾರಾಗುವ ಜಾಗ ಮೂಳೆಯೊಳಗಿನ ಮಜ್ಜೆ. ದೊಡ್ಡವರಲ್ಲಿ ಮುಖ್ಯವಾಗಿ ಸೊಂಟದ ಮೂಳೆ, ಎದೆಮೂಳೆ, ಪಕ್ಕೆಲುಬು, ಬೆನ್ನುಮೂಳೆ. ಮಾಡು ಎಂದು ಹೇಳಿ ಕಳಿಸುವುದು ಕಿಡ್ನಿ. ಅದು ಕಳಿಸುವ ಹಾರ್ಮೋನಿನ ಹೆಸರು ಎರಿತ್ರೊಪೊಯೆಟಿನ್, ಆಸ್ಪತ್ರೆಯವರ ಬಾಯಲ್ಲಿ ಇಪಿಒ. ದೊಡ್ಡವರ ಮೈಯಲ್ಲಿ ಇದರ ಶೇ 90ರಷ್ಟು ಹುಟ್ಟುವುದು ಕಿಡ್ನಿಯಲ್ಲೇ.

ಒಂದು ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಹಳೆಯವು ಸಾಯುತ್ತಲೇ ಇರುವುದರಿಂದ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳನ್ನು ಹೊರಕ್ಕೆ ಬಿಡಬೇಕು. ಇದಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ಮೈಗೆ ಹತ್ತುವುದು ಒಂದೆರಡು ಮಿಲಿಗ್ರಾಂ ಅಷ್ಟೆ. ಮಿಕ್ಕಿದ್ದೆಲ್ಲ ಸತ್ತ ಕಣಗಳಿಂದ ವಾಪಸು ಬಂದದ್ದು. ಒಂದು ಲೋಟ ಬೀಟ್‌ರೂಟ್ ರಸದಿಂದ ಮಾರನೆಯ ದಿನ ರಕ್ತ ಏರುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕು.

ಇಪಿಒ ಕೆಲಸ ಮಾಡುವ ಬಗೆ ವಿಚಿತ್ರ. ಅದು ಮಜ್ಜೆಯ ಜೀವಕೋಶಗಳನ್ನು ಬಡಿದೆಬ್ಬಿಸಿ ದುಡಿಸುತ್ತದೆ ಎಂದು ನಾವು ಊಹಿಸುತ್ತೇವೆ. ನಿಜದಲ್ಲಿ ಮಜ್ಜೆ ಪ್ರತಿದಿನವೂ ಬೇಕಾದ್ದಕ್ಕಿಂತ ಹೆಚ್ಚು ಎಳೆಯ ಕಣಗಳನ್ನು ಹುಟ್ಟಿಸಿಕೊಂಡಿರುತ್ತದೆ. ಇಪಿಒ ಸಿಕ್ಕವು ಬದುಕುತ್ತವೆ, ಸಿಗದವು ತಮ್ಮನ್ನು ತಾವೇ ಮುಗಿಸಿಕೊಳ್ಳುತ್ತವೆ. ಹಾರ್ಮೋನು ಹೆಚ್ಚಿದರೆ ಸಾಯಬೇಕಿದ್ದವು ಉಳಿಯುತ್ತವೆ, ಅಷ್ಟೆ. ಉಳಿದದ್ದು ಬಲಿತು, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ (ಎಚ್‌ಬಿ) ತುಂಬಿಕೊಂಡು ರಕ್ತನಾಳಕ್ಕೆ ಇಳಿಯಲು ದಿನಗಳು ಬೇಕು. ಇಪಿಒ ಗಂಟೆಗಳಲ್ಲಿ ಏರುತ್ತದೆ, ಒಂದೆರಡು ದಿನದಲ್ಲಿ ತುತ್ತತುದಿ ಮುಟ್ಟುತ್ತದೆ, ರಕ್ತ ಮಾತ್ರ ವಾರಗಳಲ್ಲಿ ಏರುತ್ತದೆ. ಸೂಜಿ ಹಾಕಿಸಿಕೊಂಡ ಮೂರನೆಯ ದಿನಕ್ಕೇ ಎಚ್‌ಬಿ ಪರೀಕ್ಷೆ ಮಾಡಿಸಿ ‘ಏನೂ ಆಗಿಲ್ಲ’ ಎನ್ನುವವರು ಇದನ್ನು ನೆನಪಿಟ್ಟುಕೊಂಡರೆ ಒಂದು ಪರೀಕ್ಷೆಯ ದುಡ್ಡು ಉಳಿದೀತು.

ಕಿಡ್ನಿಗೆ ಯಾವಾಗ ಹೇಳಿ ಕಳಿಸಬೇಕೆಂದು ತಿಳಿಯುವುದು ಹೇಗೆ? ತನ್ನೊಳಗಿನ ಆಮ್ಲಜನಕ ತಗ್ಗಿದಾಗ. ಇದರ ಮೊದಲ ಸುಳಿವು ಸಿಕ್ಕಿದ್ದು ದಕ್ಷಿಣ ಅಮೆರಿಕದ ಪೆರು ದೇಶದ ಬೆಟ್ಟದ ಮೇಲೆ. 1890ರ ಸುಮಾರಿಗೆ ಫ್ರಾನ್ಸ್ವಾ ವಿಯೋ ಎಂಬ ಫ್ರೆಂಚ್ ವಿಜ್ಞಾನಿ ಕಡಲತೀರದ ಲಿಮಾದಿಂದ ಸುಮಾರು 4,500 ಮೀಟರ್ ಎತ್ತರದ ಮೊರೊಕೊಚಾ ಗಣಿ ಊರಿಗೆ ಹೋಗಿ ತನ್ನ ರಕ್ತವನ್ನು ತಾನೇ ಎಣಿಸಿಕೊಂಡ. ಕೆಳಗೆ ಒಂದು ಘನ ಮಿಲಿಮೀಟರಿಗೆ 50 ಲಕ್ಷ ಇದ್ದ ಕೆಂಪು ಕಣಗಳು ಮೂರು ವಾರದೊಳಗೆ 70 ಲಕ್ಷ ದಾಟಿದ್ದವು. ತೆಳುಗಾಳಿ ರಕ್ತವನ್ನು ಹೆಚ್ಚಿಸುತ್ತದೆ ಎಂಬುದಂತೂ ಖಾತ್ರಿಯಾಯಿತು. ಗಾಳಿ ನೇರವಾಗಿ ಮೂಳೆಗೇ ಸುದ್ದಿ ಮುಟ್ಟಿಸುತ್ತದೋ, ನಡುವೆ ಇನ್ಯಾರಾದರೂ ಇದ್ದಾರೋ ಎಂಬುದು ಉಳಿಯಿತು. 1906ರಲ್ಲಿ ಪ್ಯಾರಿಸಿನ ಪಾಲ್ ಕಾರ್ನೋ ಮತ್ತು ಕ್ಲೋಟಿಲ್ಡ್ ದಫ್ಲಾಂದ್ರ್, ರಕ್ತ ತೆಗೆದ ಮೊಲದ ಸೀರಮ್ಮನ್ನು ಬೇರೊಂದು ಮೊಲಕ್ಕೆ ಕೊಟ್ಟು, ನಡುವೆ ಒಂದು ದೂತ ದ್ರವ್ಯ ಇದೆ ಎಂದರು. ಬೇರೆಯವರು ಮಾಡಿದಾಗ ಅದೇ ಫಲ ಸರಿಯಾಗಿ ಸಿಗಲಿಲ್ಲ. ಮಾತು ಹಿಂದೆ ಬಿತ್ತು. 1950ರಲ್ಲಿ ಕರ್ಟ್ ರೈಸ್‌ಮನ್ ಎರಡು ಇಲಿಗಳ ಮೈಯನ್ನು ಹೊಲಿದು ಜೋಡಿಸಿ ಒಂದಕ್ಕೆ ಮಾತ್ರ ಆಮ್ಲಜನಕ ಕಡಿಮೆ ಇರುವ ಗಾಳಿ ಕೊಟ್ಟ. ಒಳ್ಳೆಯ ಗಾಳಿ ಕುಡಿಯುತ್ತಿದ್ದ ಇಲಿಯ ಮಜ್ಜೆಯೂ ಚುರುಕಾಯಿತು. ಸುದ್ದಿ ರಕ್ತದಲ್ಲಿ ಹರಿದು ಹೋಗುತ್ತಿತ್ತು. 1957ರಲ್ಲಿ ಷಿಕಾಗೋದ ಲಿಯಾನ್ ಜೇಕಬ್‌ಸನ್, ಯೂಜೀನ್ ಗೋಲ್ಡ್‌ವಾಸರ್ ತಂಡ ಇಲಿಗಳ ಅಂಗಗಳನ್ನು ಒಂದೊಂದಾಗಿ ತೆಗೆದು ನೋಡಿತು. ಕಿಡ್ನಿ ತೆಗೆದಾಗ ಮಾತ್ರ ಆ ಸುದ್ದಿ ನಿಂತುಹೋಯಿತು.

ಹಾರ್ಮೋನನ್ನು ಕೈಗೆ ಹಿಡಿಯಲು ಇನ್ನೂ 20 ವರ್ಷ ಹೋಯಿತು. ಜಪಾನಿನ ಕುಮಾಮೊಟೊದಲ್ಲಿ ಮಿಯಾಕೆ ಎಂಬ ವೈದ್ಯವಿಜ್ಞಾನಿ 2,550 ಲೀಟರ್ ಮೂತ್ರ ಕೂಡಿಸಿ ಒಣಗಿಸಿ ಷಿಕಾಗೋಕ್ಕೆ ಒಯ್ದರು. ಅದು ಯಾರ ಮೂತ್ರ ಎಂಬುದರಲ್ಲೇ ಜಾಣತನವಿತ್ತು. ಅವರು ಮಜ್ಜೆ ಕೆಟ್ಟು ರಕ್ತವೇ ಹುಟ್ಟದ ರೋಗಿಗಳು. ಮಜ್ಜೆ ಕಿವಿಗೊಡುವುದಿಲ್ಲ, ಕಿಡ್ನಿ ಕೂಗುವುದನ್ನು ಬಿಡುವುದಿಲ್ಲ. ಹಾರ್ಮೋನು ತುಂಬಿ ಮೂತ್ರಕ್ಕೆ ಚೆಲ್ಲುತ್ತದೆ. ಅಷ್ಟೆಲ್ಲ ಮೂತ್ರದಿಂದ 1977ರಲ್ಲಿ ಸಿಕ್ಕ ಶುದ್ಧ ಇಪಿಒ ಹತ್ತು ಮಿಲಿಗ್ರಾಮಿನ ಒಳಗೇ. ಅದನ್ನು ಹಿಡಿದುಕೊಂಡು 1983ರಲ್ಲಿ ಫು-ಕುಯೆನ್ ಲಿನ್ ಅದರ ಜೀನ್ ಹುಡುಕಿದರು, 1989ರಲ್ಲಿ ಇಪಿಒ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಇವತ್ತು ಡಯಾಲಿಸಿಸ್ ರೋಗಿಯ ತೋಳಿಗೆ ಹಾಕುವ ಸೂಜಿ ಇದೇ. ಅದರಲ್ಲಿರುವುದು ಬೇರೆಯವರ ರಕ್ತ ಅಲ್ಲ, ಸ್ಟೀರಾಯ್ಡ್ ಕೂಡ ಅಲ್ಲ. ರೋಗಿಯ ಕಿಡ್ನಿ ಕಳಿಸಬೇಕಿದ್ದ ಸಂದೇಶವನ್ನು ಹೊರಗಿನಿಂದ ಕಳಿಸುತ್ತಿದ್ದಾರೆ.

ಈ ಕೆಲಸಕ್ಕೆ ಶ್ವಾಸಕೋಶ ಇತ್ತು, ಹೃದಯ ಇತ್ತು, ಮೆದುಳು ಇತ್ತು, ಕಿಡ್ನಿಯೇ ಯಾಕೆ? ನನಗೆ ಈ ಇಡೀ ಕತೆಯಲ್ಲಿ ಬಹಳ ಸೊಗಸಾಗಿ ಕಾಣುವುದು ಇದೇ ಭಾಗ. ಬೇರೆ ಅಂಗಗಳಲ್ಲಿ ಆಮ್ಲಜನಕ ತಗ್ಗಲು ಕಾರಣ ಹಲವು. ಓಡಿದರೆ ತೊಡೆಯ ಸ್ನಾಯುವಿನಲ್ಲಿ ತಗ್ಗುತ್ತದೆ, ಅದಕ್ಕೆಲ್ಲ ರಕ್ತ ಹೆಚ್ಚಿಸುತ್ತ ಹೋದರೆ ಗತಿಯೇನು? ಹೃದಯ ಒತ್ತುವ ರಕ್ತದ ಐದನೆಯ ಒಂದು ಪಾಲು ಕಿಡ್ನಿಗೆ ಬರುತ್ತದೆ. ರಕ್ತ ಹೆಚ್ಚು ಹರಿದರೆ ಅದು ಸೋಸಬೇಕಾದ ಉಪ್ಪೂ ಹೆಚ್ಚುತ್ತದೆ, ಉಪ್ಪನ್ನು ಹಿಂದಕ್ಕೆ ಎಳೆದುಕೊಳ್ಳಲು ಆಮ್ಲಜನಕದ ಖರ್ಚೂ ಹೆಚ್ಚುತ್ತದೆ. ಹರಿವು ತಗ್ಗಿದರೆ ಖರ್ಚೂ ತಗ್ಗುತ್ತದೆ. ಹರಿವಿನ ಏರಿಳಿತ ಹೀಗೆ ತನ್ನಷ್ಟಕ್ಕೇ ವಜಾ ಆಗಿಬಿಡುವುದರಿಂದ, ಕಿಡ್ನಿಯೊಳಗೆ ಆಮ್ಲಜನಕ ತಗ್ಗಿತೆಂದರೆ ರಕ್ತ ಹೊತ್ತು ತರುತ್ತಿರುವ ಆಮ್ಲಜನಕವೇ ಕಡಿಮೆ ಎಂದು ಬಹುಮಟ್ಟಿಗೆ ನಂಬಬಹುದು. ಮೈಯ ನೀರನ್ನು ಎಷ್ಟು ಉಳಿಸಬೇಕು, ಎಷ್ಟು ಹೊರಹಾಕಬೇಕು ಎಂದು ನಿರ್ಧರಿಸುವುದೂ ಅದೇ ಅಂಗ. ರಕ್ತದ ನೀರು, ರಕ್ತದ ಕಣ ಎರಡರ ಲೆಕ್ಕವೂ ಒಂದೇ ಕಡೆ.

ಜೀವಕೋಶದೊಳಗೆ ಈ ಅಳತೆ ನಡೆಯುವ ರೀತಿಯನ್ನು ಬಿಡಿಸಿ ತೋರಿಸಿದ ಗ್ರೆಗ್ ಸೆಮೆಂಜಾ, ಪೀಟರ್ ರ‍್ಯಾಟ್‌ಕ್ಲಿಫ್, ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ಅವರು ಕಂಡದ್ದು ಇಷ್ಟು: ಜೀವಕೋಶಗಳು ಎಚ್‌ಐಎಫ್ ಎಂಬ ಪ್ರೋಟೀನನ್ನು ಹಗಲುರಾತ್ರಿ ತಯಾರಿಸುತ್ತಲೇ ಇರುತ್ತವೆ, ತಯಾರಿಸಿದ ಕೆಲವೇ ನಿಮಿಷಗಳಲ್ಲಿ ನಾಶವನ್ನೂ ಮಾಡುತ್ತವೆ. ನಾಶಕ್ಕೆ ಗುರುತು ಹಾಕುವ ಕಿಣ್ವಕ್ಕೆ ಆಮ್ಲಜನಕ ಬೇಕು. ಆಮ್ಲಜನಕ ತಗ್ಗಿದಾಗ ಗುರುತು ಬೀಳುವುದಿಲ್ಲ, ಎಚ್‌ಐಎಫ್ ಉಳಿದುಕೊಳ್ಳುತ್ತದೆ, ಜೀವಕೋಶದ ನಡುವಿನ ಕೇಂದ್ರಕ್ಕೆ ಹೋಗಿ ಇಪಿಒ ಜೀನನ್ನು ಎಬ್ಬಿಸುತ್ತದೆ. ಮಾಡುವುದು, ಕೆಡವುವುದು, ಮತ್ತೆ ಮಾಡುವುದು ದಂಡ ಎಂದು ಕಾಣಬಹುದು. ಆದರೆ ಕೊರತೆ ಬಂದ ಮೇಲೆ ಹೊಸದಾಗಿ ತಯಾರಿಸುತ್ತ ಕೂತರೆ ತಡವಾಗುತ್ತದೆ. ಕೆಡವುವುದನ್ನು ನಿಲ್ಲಿಸಿದರೆ ಸಾಕು, ಆ ಕ್ಷಣವೇ ಕೆಲಸ ಶುರು.

ಹಾಗಾದರೆ ನಮ್ಮ ಸಾವನದುರ್ಗ ಹತ್ತಿದರೆ ರಕ್ತ ಹೆಚ್ಚುತ್ತದೆಯೇ? ಇಲ್ಲ. ಮಾಗಡಿಯ ಈ ಏಕಶಿಲೆಯ ನೆತ್ತಿ 1,226 ಮೀಟರ್. ಅಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 87ರಷ್ಟು ಇರುತ್ತದೆ, ರಾಮನಗರ ಪಟ್ಟಣದಲ್ಲಿ ಶೇ 91ರ ಆಸುಪಾಸು. ಬಂಡೆ ಹತ್ತುವಾಗ ಬರುವ ಏದುಸಿರು ದಣಿವಿನದು, ಗಾಳಿಯ ಕೊರತೆಯದಲ್ಲ. ರಕ್ತ ನಿಜಕ್ಕೂ ಏರಬೇಕಾದರೆ 2,000ದಿಂದ 2,500 ಮೀಟರಿಗೂ ಮೇಲೆ ವಾರಗಟ್ಟಲೆ ಇರಬೇಕು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಹಿಮಾಲಯಕ್ಕೆ ಹೊರಡುವವರು ರಾಮನಗರದ ಬಂಡೆಗಳ ಮೇಲೆ ಬೆರಳು, ಕಾಲು, ಧೈರ್ಯ ಎಲ್ಲವನ್ನೂ ಹದಗೊಳಿಸಿಕೊಳ್ಳಬಹುದು. ರಕ್ತವನ್ನು ಹದಗೊಳಿಸುವಷ್ಟು ಎತ್ತರ ಕರ್ನಾಟಕದಲ್ಲಿಲ್ಲ.

ಲೇಹ್ ಬೇರೆ ಮಾತು. 3,500 ಮೀಟರ್ ಎತ್ತರ, ಶೇ 65ರಷ್ಟು ಒತ್ತಡ. ಸೇನೆ ತನ್ನ ಸೈನಿಕರನ್ನು 9,000ದಿಂದ 12,000 ಅಡಿಯಲ್ಲಿ ಆರು ದಿನ, 15,000 ಅಡಿಯವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ ಒಗ್ಗಿಸಿಯೇ ಮುಂದಕ್ಕೆ ಕಳಿಸುತ್ತದೆ. ಬೆಂಗಳೂರಿನಿಂದ ವಿಮಾನ ಹತ್ತಿ ಒಂದೇ ದಿನದಲ್ಲಿ ಅಲ್ಲಿಗಿಳಿದು ಮಾರನೆಯ ಬೆಳಿಗ್ಗೆಯೇ ಖರ್ದುಂಗ್ಲಾಕ್ಕೆ ಬೈಕ್ ಓಡಿಸುವ ನಮ್ಮ ಹುಡುಗರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲ ವಾರದಲ್ಲಿ ಮೈಯನ್ನು ಕಾಯುವುದು ಹೊಸ ರಕ್ತವಲ್ಲ, ಆಳವಾದ ಉಸಿರು. ಆ ದಿನಗಳಲ್ಲಿ ಎಚ್‌ಬಿ ಏರಿದಂತೆ ಕಂಡರೂ ಅದು ಬಹುಪಾಲು ಮೂತ್ರವಾಗಿ ನೀರು ಹೋಗಿ ರಕ್ತ ಗಟ್ಟಿಯಾದದ್ದು. ಹೊಸ ಕಣಗಳ ಫಸಲು ಆಮೇಲೆ ಬರುತ್ತದೆ.

ಆ ಫಸಲೂ ಅತಿಯಾದರೆ ಕೇಡು. ಪೆರುವಿನ ಕಾರ್ಲೋಸ್ ಮೊಂಗೆ 1920ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಆಂಡಿಸ್ ಬೆಟ್ಟದ ಕೆಲವರಲ್ಲಿ ಹಿಮೋಗ್ಲೋಬಿನ್ 21 ದಾಟಿ, ರಕ್ತ ಮಂದವಾಗಿ, ತಲೆನೋವು, ಉಬ್ಬಸ, ಹೃದಯದ ತೊಂದರೆ ಕಾಡುತ್ತಿತ್ತು. ಅಷ್ಟೇ ಎತ್ತರದ ಟಿಬೆಟ್‌ನಲ್ಲಿ ಈ ಕಾಟ ಕಡಿಮೆ. ಕನಕಪುರದಿಂದ ಮಳವಳ್ಳಿ, ಕೊಳ್ಳೇಗಾಲ ದಾಟಿ ಹೋದರೆ ಹನೂರು ತಾಲೂಕಿನ ಒಡೆಯರಪಾಳ್ಯದಲ್ಲಿ ಟಿಬೆಟಿಯನ್ನರ ವಸತಿ ಇದೆ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಇದ್ದಾರೆ. ಮುಸುಕಿನ ಜೋಳ ಬೆಳೆಯುತ್ತ, ಚಳಿಗಾಲದಲ್ಲಿ ಸ್ವೆಟರ್ ಮಾರುತ್ತ ನಮ್ಮ ನಡುವೆಯೇ ಇರುವ ಈ ಜನದ ಮೈಯಲ್ಲಿ ಒಂದು ಅಚ್ಚರಿ ಇದೆ. ಟಿಬೆಟಿಯನ್ನರಲ್ಲಿ ಹೆಚ್ಚಿನವರಿಗೆ ಎಚ್‌ಐಎಫ್‌ಗೆ ಸಂಬಂಧಿಸಿದ ಇಪಿಎಎಸ್1 ಎಂಬ ಜೀನಿನ ಬೇರೊಂದು ರೂಪ ಬಂದಿದೆ ಎಂದು 2010ರಲ್ಲಿ ಗೊತ್ತಾಯಿತು. 4,000 ಮೀಟರಿನಲ್ಲಿದ್ದರೂ ಅವರ ಕಿಡ್ನಿ ಗಾಬರಿಬಿದ್ದು ರಕ್ತಕ್ಕೆ ಕೂಗುವುದಿಲ್ಲ. ಆ ರೂಪ ಡೆನಿಸೋವನ್ ಎಂಬ ಅಳಿದುಹೋದ ಮಾನವ ಕುಲದಿಂದ ಬಂದದ್ದು ಎಂಬುದು 2014ರ ಸಂಶೋಧನೆ. 800 ಮೀಟರ್ ಎತ್ತರದ ಬೈಲಕುಪ್ಪೆಯಲ್ಲಿ ಆ ಜೀನಿಗೆ ಕೆಲಸವೇ ಇಲ್ಲ, ಆದರೂ ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತಲೇ ಇದೆ.

ಬೆಟ್ಟ ಹತ್ತದೆಯೂ ರಕ್ತ ಗಟ್ಟಿಮಾಡಿಕೊಳ್ಳುವವರು ನಮ್ಮಲ್ಲಿದ್ದಾರೆ: ಬೀಡಿ ಸಿಗರೇಟು ಸೇದುವವರು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಕಿಡ್ನಿಗೆ ಕೊರತೆ ಗೊತ್ತಾಗುತ್ತದೆ, ಇಪಿಒ ಹೋಗುತ್ತದೆ, ಎಚ್‌ಬಿ 17, 18ಕ್ಕೆ ಏರುತ್ತದೆ. ‘ರಕ್ತ ಚೆನ್ನಾಗಿದೆ’ ಎಂದು ಅವರು ಬೀಗುವುದುಂಟು. ಗಾಳಿಯಾಡದ ಕಡೆ ಉರಿಯುವ ಸೌದೆ ಒಲೆಯಲ್ಲೂ ಇದೇ ಅನಿಲ ಇರುತ್ತದೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡುಗಳಿಗೆ ಎತ್ತರದ ಚಿಮಣಿ ಬೇಕು ಎನ್ನುವುದಕ್ಕೆ ಕಣ್ಣುರಿ, ಉಬ್ಬಸಗಳ ಜೊತೆಗೆ ಇದೂ ಒಂದು ಕಾರಣ.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಈ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸಿದೆ. ‘ಆಕ್ಸಿಜನ್ 98 ಇದೆ, ಆದರೂ ಸುಸ್ತು ಯಾಕೆ?’ ಆ ಯಂತ್ರ ತೋರಿಸುವುದು ಇರುವ ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ತುಂಬಿದೆ ಎಂದು. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಎಚ್‌ಬಿ 14 ಇರುವವರಿಗೂ 98, 7 ಇರುವವರಿಗೂ 98. ಎರಡನೆಯವರ ರಕ್ತ ಒಯ್ಯುವುದು ಅರ್ಧ ಆಮ್ಲಜನಕ. ಕಾರ್ಬನ್ ಮಾನಾಕ್ಸೈಡ್ ಕಚ್ಚಿಕೊಂಡ ಹಿಮೋಗ್ಲೋಬಿನ್ನನ್ನೂ ಅದು ತುಂಬಿದ್ದೆಂದೇ ಓದಿಬಿಡುತ್ತದೆ. ಕಿಡ್ನಿ ಹೀಗೆ ಮೋಸಹೋಗುವುದಿಲ್ಲ.

ಕೆಟ್ಟ ಕಿಡ್ನಿಯ ಮಾತು ಬೇರೆ. ಸಕ್ಕರೆ ಕಾಯಿಲೆ, ಬಿಪಿಯಿಂದ ವರ್ಷಗಟ್ಟಲೆ ಹದಗೆಟ್ಟ ಕಿಡ್ನಿಯಲ್ಲಿ ಇಪಿಒ ಮಾಡಬೇಕಾದ ಜೀವಕೋಶಗಳೇ ಗಾಯದ ನಾರು ಕಟ್ಟುವ ಕೆಲಸಕ್ಕೆ ತಿರುಗಿಬಿಡುತ್ತವೆ. ಡಯಾಲಿಸಿಸ್ ಯಂತ್ರ ಕಸ ಸೋಸುತ್ತದೆ, ಹಾರ್ಮೋನು ಮಾಡುವುದಿಲ್ಲ. ಇಂಥವರಿಗೆ ರಕ್ತ ಬರಲೆಂದು ಬೀಟ್‌ರೂಟ್, ದಾಳಿಂಬೆ, ಖರ್ಜೂರ, ಎಳನೀರು ಸುರಿಯುವುದು ಫಲವಿಲ್ಲದ್ದು ಮಾತ್ರವಲ್ಲ, ಅಪಾಯ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಅದನ್ನು ಹೊರಹಾಕಲು ಕಿಡ್ನಿಗೆ ಆಗದು, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಪ್ರೀತಿಯಿಂದ ಕೊಟ್ಟದ್ದು ಎಂಬ ಕಾರಣಕ್ಕೆ ಪೊಟ್ಯಾಸಿಯಂ ಸುಮ್ಮನಿರುವುದಿಲ್ಲ.

ಹಾಗೆಂದು ಕಬ್ಬಿಣ ಬೇಡವೆಂದಲ್ಲ. ಸೂಜಿಯಿಂದ ಸಂದೇಶ ಬಂದು ಮಜ್ಜೆ ಚುರುಕಾದಾಗ ಕಬ್ಬಿಣ ಬೇಗ ಖಾಲಿಯಾಗುತ್ತದೆ. ಆರೋಗ್ಯವಂತರಲ್ಲಿ ಎಳೆಯ ರಕ್ತಕಣಗಳೇ ಎರಿತ್ರೊಫೆರಾನ್ ಎಂಬ ಇನ್ನೊಂದು ಹಾರ್ಮೋನನ್ನು ಯಕೃತ್ತಿಗೆ ಕಳಿಸಿ ದಾಸ್ತಾನು ತೆಗೆಸುತ್ತವೆ. 2014ರಲ್ಲಷ್ಟೇ ಇದು ಬೆಳಕಿಗೆ ಬಂತು. ಮೈಯಲ್ಲಿ ಸೋಂಕೋ ಉರಿಯೂತವೋ ಇದ್ದರೆ ಯಕೃತ್ತು ಹೆಪ್ಸಿಡಿನ್ ಎಂಬುದನ್ನು ಹೆಚ್ಚಿಸಿ ದಾಸ್ತಾನಿನ ಬಾಗಿಲು ಹಾಕುತ್ತದೆ. ಡಯಾಲಿಸಿಸ್ ರೋಗಿಗಳಲ್ಲಿ ಇದು ಸಾಮಾನ್ಯ. ಅದಕ್ಕೇ ವೈದ್ಯರು ಫೆರಿಟಿನ್ ಪರೀಕ್ಷೆ ಮಾಡಿಸಿ, ಬೇಕಾದರೆ ಕಬ್ಬಿಣವನ್ನು ನೇರ ರಕ್ತನಾಳಕ್ಕೆ ಕೊಡುತ್ತಾರೆ. ಸೂಜಿ ಹಾಕಿಯೂ ಎಚ್‌ಬಿ ಏರದಿದ್ದರೆ ಮೊದಲು ಕೇಳಬೇಕಾದ್ದು ಕಬ್ಬಿಣ ಎಷ್ಟಿದೆ, ಸೋಂಕು ಎಲ್ಲಿದೆ ಎಂದು. ಬೇರೆ ಕಂಪನಿಯ ಸೂಜಿ ಕೊಡಿ ಎಂದು ಗಲಾಟೆ ಮಾಡುವುದು ಆಮೇಲಾಗಲಿ.

ಇನ್ನೊಂದು ದೂರು ಇದಕ್ಕೆ ತಿರುಗುಮುರುಗು. ‘ಹನ್ನೊಂದಕ್ಕೆ ಬಂದಿತ್ತು, ಅಷ್ಟರಲ್ಲಿ ಸೂಜಿ ನಿಲ್ಲಿಸಿಬಿಟ್ಟರು. ಹದಿನಾಲ್ಕು ಮಾಡಿದ್ದರೆ ಏನಾಗ್ತಿತ್ತು?’ ಏನಾಗುತ್ತಿತ್ತು ಎಂದು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2006ರಲ್ಲಿ ಎರಡು, 2009ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾದವು. ಕಿಡ್ನಿ ರೋಗಿಗಳ ಹಿಮೋಗ್ಲೋಬಿನ್ನನ್ನು 13ಕ್ಕೋ ಅದರ ಮೇಲಕ್ಕೋ ತಳ್ಳಲು ಹೋದದ್ದರಿಂದ ಆಯುಸ್ಸು ಹೆಚ್ಚಲಿಲ್ಲ. 2009ರ ಅಧ್ಯಯನದಲ್ಲಂತೂ ಪಾರ್ಶ್ವವಾಯು ಹೊಡೆದವರ ಸಂಖ್ಯೆ ಸುಮಾರು ಇಮ್ಮಡಿ. ಅಂದಿನಿಂದ 10ರಿಂದ 11.5ರ ನಡುವೆ ನಿಲ್ಲಿಸುವುದು ರೂಢಿ. ಸೂಜಿ ಬಿಪಿಯನ್ನೂ ಏರಿಸಬಲ್ಲದು. ಸೈಕಲ್ ಸ್ಪರ್ಧಿಗಳು ಇದೇ ಇಪಿಒವನ್ನು ಕದ್ದುಮುಚ್ಚಿ ಚುಚ್ಚಿಕೊಂಡ ಕತೆ, ಲಾನ್ಸ್ ಆರ್ಮ್‌ಸ್ಟ್ರಾಂಗ್ 2012ರಲ್ಲಿ ಏಳು ಪ್ರಶಸ್ತಿ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು. ಕಳಂಕ ಇರಲಿ, ಮಂದವಾದ ರಕ್ತ ಹೆಪ್ಪುಗಟ್ಟುವ ಭಯ ಅವರಿಗೂ ಇತ್ತು. ಸೂಜಿ ಯಾಕೆ, ಎರಡು ಬಾಟಲಿ ರಕ್ತ ಹಾಕಿಸಿಬಿಡೋಣ ಎನ್ನುವವರೂ ಇದ್ದಾರೆ. ಮುಂದೆ ಕಿಡ್ನಿ ಕಸಿ ಮಾಡಿಸಿಕೊಳ್ಳುವ ಆಸೆ ಇದ್ದರೆ ಅದು ದುಬಾರಿ ಆತುರ. ಪರರ ರಕ್ತ ಹೋದಷ್ಟೂ ಮೈ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಳ್ಳುತ್ತದೆ, ಹೊಂದುವ ಕಿಡ್ನಿ ಸಿಗುವುದು ಅಷ್ಟು ಕಷ್ಟವಾಗುತ್ತದೆ.

ಈ ಸೂಜಿಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಹೊರಗೆ ಕೊಂಡು ತರುವವರು ಬೇಸಿಗೆಯ ಮಧ್ಯಾಹ್ನ ಬಸ್ಸಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಒಯ್ದರೆ ಮದ್ದು ಕೆಡುತ್ತದೆ. ಐಸ್ ಇಟ್ಟ ಡಬ್ಬಿ ಬೇಕು, ಆದರೆ ಮಂಜುಗಟ್ಟಲೂಬಾರದು. ಈ ತೊಂದರೆಯಿಲ್ಲದ ಮಾತ್ರೆಯೊಂದು ಈಗ ಬಂದಿದೆ. ಡೆಸಿಡುಸ್ಟಾಟ್ ಎಂಬ, ನಮ್ಮ ದೇಶದಲ್ಲೇ ರೂಪುಗೊಂಡ ಈ ಮದ್ದಿಗೆ 2022ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಎಚ್‌ಐಎಫ್‌ಗೆ ನಾಶದ ಗುರುತು ಹಾಕುವ ಆ ಕಿಣ್ವವನ್ನು ಇದು ತಡೆಯುತ್ತದೆ. ಕೂತಲ್ಲೇ ಕೂತ ರೋಗಿಯ ಜೀವಕೋಶಗಳು ಆಮ್ಲಜನಕ ತಗ್ಗಿತೆಂದು ತಿಳಿದು, ಅಳಿದುಳಿದ ಕಿಡ್ನಿ ಮತ್ತು ಯಕೃತ್ತಿನಿಂದ ಇಪಿಒ ಹೊರಡಿಸುತ್ತವೆ. ಆದರೆ ಎಚ್‌ಐಎಫ್ ಎಬ್ಬಿಸುವುದು ಇಪಿಒ ಜೀನ್ ಒಂದನ್ನೇ ಅಲ್ಲ, ಹೊಸ ರಕ್ತನಾಳ ಬೆಳೆಸುವವೂ ಸೇರಿ ನೂರಾರು ಜೀನುಗಳನ್ನು. ಹಾಗಾಗಿ ಕ್ಯಾನ್ಸರ್ ಇದ್ದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಇದನ್ನು ಕೊಡಲು ವೈದ್ಯರು ಹಿಂಜರಿಯುತ್ತಾರೆ. ಉಳಿದವರಿಗೂ ಎಚ್‌ಬಿ ಪರೀಕ್ಷೆ ತಪ್ಪಿದ್ದಲ್ಲ, 11.5ರ ಮಿತಿಯೂ ಬದಲಾಗುವುದಿಲ್ಲ.